ಡೇ ಕೇರ್‌ನಲ್ಲಿ ಮಗುವಿಗೆ ಹುಷಾರಿಲ್ಲದಾಗ ಏನು ಮಾಡಬೇಕು? ಆರೈಕೆ ಮಾಡುವವರಿಗೆ ಹಂತ ಹಂತದ ಮಾರ್ಗದರ್ಶಿ

ಐದು ವರ್ಷದೊಳಗಿನ ಮಕ್ಕಳನ್ನು ಡೇ ಕೇರ್‌ಗಳಲ್ಲಿ, ಶಿಶುವಿಹಾರಗಳಲ್ಲಿ ನೋಡಿಕೊಳ್ಳುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಜ್ವರ ಎಷ್ಟಿದ್ದರೆ ಮನೆಗೆ ಕಳುಹಿಸಬೇಕು? ಮೂಗು ಸೋರುತ್ತಿರುವ ಮಗುವನ್ನು ಒಳಗೆ ಬಿಟ್ಟುಕೊಳ್ಳಬಹುದೇ? ಬ್ಯಾಗಿನಲ್ಲಿ ಇಟ್ಟು ಕಳುಹಿಸಿದ ಸಿರಪ್ ಕುಡಿಸಬಹುದೇ? ಅಪ್ಪ ಅಮ್ಮ ಇಬ್ಬರೂ ಫೋನ್ ಎತ್ತದಿದ್ದರೆ ಏನು ಗತಿ?

ಈ ಪ್ರಶ್ನೆಗಳು ಏಳುವುದೇ ಕೈ ಬಿಡುವಿಲ್ಲದ ಹೊತ್ತಿನಲ್ಲಿ. ಒಂದು ಮಗು ತೊಡೆಯ ಮೇಲೆ ಬಿದ್ದುಕೊಂಡು ಅಳುತ್ತಿರುತ್ತದೆ, ಉಳಿದ ಮಕ್ಕಳು ಊಟಕ್ಕೆ ಕಾದು ಕುಳಿತಿರುತ್ತಾರೆ. ಆಗ ದೊಡ್ಡವರು ಕಳುಹಿಸುವುದೋ ಬೇಡವೋ ಎಂದು ಚರ್ಚೆಗಿಳಿದರೆ ಮಗುವಿನ ಕಡೆ ನೋಡುವವರೇ ಇರುವುದಿಲ್ಲ. ಹಾಗಾಗಿ ನಾನು ಒತ್ತಿ ಹೇಳುವ ಮಾತು ಒಂದೇ: ತೀರ್ಮಾನಿಸಬೇಕಾದದ್ದನ್ನೆಲ್ಲ ಎಲ್ಲರೂ ಹುಷಾರಾಗಿರುವ ದಿನಗಳಲ್ಲೇ ತೀರ್ಮಾನಿಸಿ, ಬರೆದಿಡಿ. ಕಾಯಿಲೆಯ ದಿನ ನಿಮ್ಮ ಗಮನ ಪೂರ್ತಿಯಾಗಿ ಮಗುವಿಗೆ ಸಿಗಬೇಕು.

ನಿಮ್ಮ ಪ್ರದೇಶದ ಆರೋಗ್ಯ ಇಲಾಖೆಯ ಅಥವಾ ಪರವಾನಗಿ ಕೊಟ್ಟ ಪ್ರಾಧಿಕಾರದ ನಿಯಮ ಇಲ್ಲಿ ಹೇಳಿರುವುದಕ್ಕಿಂತ ಬೇರೆಯಾಗಿದ್ದರೆ ಅದನ್ನೇ ಪಾಲಿಸಿ. ನಿರ್ದಿಷ್ಟ ಮಗುವಿನ ವಿಷಯದಲ್ಲಿ ಅದರ ವೈದ್ಯರ ಮಾತೇ ಅಂತಿಮ.

1. ಮಗು ಸೇರುವ ದಿನವೇ ಬರವಣಿಗೆ ಮುಗಿಸಿ

ಪ್ರತಿ ಮಗುವಿಗೂ ಒಂದು ಆರೋಗ್ಯ ಹಾಳೆ ಇರಲಿ. ಅದರಲ್ಲಿ ಅಲರ್ಜಿಗಳು, ಈಗಾಗಲೇ ಇರುವ ಕಾಯಿಲೆಗಳು, ಹಿಂದೆ ಯಾವಾಗಲಾದರೂ ಜ್ವರದಲ್ಲಿ ಫಿಟ್ಸ್ ಬಂದಿತ್ತೇ ಎಂಬುದು, ಹಾಕಿಸಿರುವ ಲಸಿಕೆಗಳು, ಮಗುವಿನ ತೂಕ ಮತ್ತು ವೈದ್ಯರ ಫೋನ್ ಸಂಖ್ಯೆ ಇರಬೇಕು. ಮಕ್ಕಳ ಔಷಧದ ಪ್ರಮಾಣ ತೂಕದ ಮೇಲೆ ನಿಂತಿರುವುದರಿಂದ, ತೂಕವನ್ನು ಮೂರು ತಿಂಗಳಿಗೊಮ್ಮೆಯಾದರೂ ತಿದ್ದಿ ಬರೆಯಿರಿ.

ಅಪ್ಪ ಅಮ್ಮನ ಸಂಖ್ಯೆಯ ಜೊತೆಗೆ, ಹಗಲಿನಲ್ಲಿ ಬಂದು ಮಗುವನ್ನು ಕರೆದೊಯ್ಯಬಲ್ಲ ಇನ್ನೊಬ್ಬರ ಹೆಸರು ಮತ್ತು ಸಂಖ್ಯೆ ಕಡ್ಡಾಯವಾಗಿ ಇರಲಿ. ಈ ಮೂರನೆಯ ವ್ಯಕ್ತಿಯ ಜಾಗವನ್ನು ಖಾಲಿ ಬಿಡುವುದು ಬಹುತೇಕ ಕಡೆ ಆಗುವ ತಪ್ಪು. ಖಾಲಿ ಬಿಟ್ಟ ಅರ್ಜಿಯನ್ನು ತೆಗೆದುಕೊಳ್ಳಬೇಡಿ. ತುರ್ತು ಸಂದರ್ಭದಲ್ಲಿ ಮಗುವನ್ನು ಆಸ್ಪತ್ರೆಗೆ ಒಯ್ಯಲು ಲಿಖಿತ ಒಪ್ಪಿಗೆಯನ್ನೂ ಇದೇ ದಿನ ಪಡೆಯಿರಿ.

ಕೇಂದ್ರದ ಕಾಯಿಲೆ ನಿಯಮವನ್ನು ಒಂದೇ ಪುಟದಲ್ಲಿ ಬರೆದು ಪಾಲಕರ ಸಹಿ ಹಾಕಿಸಿಕೊಳ್ಳಿ. ಯಾವ ಲಕ್ಷಣ ಇದ್ದರೆ ಮಗುವನ್ನು ಸೇರಿಸಿಕೊಳ್ಳುವುದಿಲ್ಲ, ಕರೆ ಬಂದ ಮೇಲೆ ಎಷ್ಟು ಹೊತ್ತಿನೊಳಗೆ ಬರಬೇಕು, ಯಾವಾಗ ಮರಳಿ ಕರೆತರಬಹುದು ಎಂಬ ಮೂರು ವಿಷಯ ಸ್ಪಷ್ಟವಾಗಿದ್ದರೆ ಸಾಕು. ಇಪ್ಪತ್ತು ಪುಟದ ಕೈಪಿಡಿಯನ್ನು ಯಾರೂ ಓದುವುದಿಲ್ಲ.

ಕೈಗೆ ಸಿಗುವಂತೆ ಇಡಬೇಕಾದ ಸಾಮಗ್ರಿ: ಡಿಜಿಟಲ್ ಥರ್ಮಾಮೀಟರ್, ಸೆಕೆಂಡಿನ ಮುಳ್ಳಿರುವ ಗಡಿಯಾರ, ಬಿಸಾಡುವ ಕೈಗವಸು, ಓಆರ್‌ಎಸ್ ಪೊಟ್ಟಣ, ಔಷಧ ಅಳೆಯುವ ಸಿರಿಂಜ್, ಟಿಶ್ಯೂ, ಮುಚ್ಚಳವಿರುವ ಕಸದ ಬುಟ್ಟಿ, ಒಂದು ಜೊತೆ ಹೆಚ್ಚುವರಿ ಬಟ್ಟೆ, ದಾಖಲೆ ಪುಸ್ತಕ. ಪಾದರಸದ ಗಾಜಿನ ಥರ್ಮಾಮೀಟರ್ ಬೇಡ.

2. ಬೆಳಗ್ಗೆ ಬಾಗಿಲಲ್ಲೇ ನೋಡಿ, ಕೇಳಿ

ಮಗುವನ್ನು ಬರಮಾಡಿಕೊಳ್ಳುವಾಗ ಅರ್ಧ ನಿಮಿಷ ಅದರ ಮುಖ ನೋಡಿ. ಕಣ್ಣು ಕೆಂಪಾಗಿದೆಯೇ, ಮೈಮೇಲೆ ಹೊಸ ಗುಳ್ಳೆ ಇದೆಯೇ, ಎಂದಿನಂತೆ ಓಡಿ ಬಂದಿತೇ ಅಥವಾ ಹೆಗಲಿಗೆ ಅಂಟಿಕೊಂಡೇ ಇದೆಯೇ? ನಂತರ ಪಾಲಕರಿಗೆ ಒಂದು ಪ್ರಶ್ನೆಯನ್ನು ದಿನವೂ, ಎಲ್ಲರಿಗೂ ಕೇಳಿ: “ನಿನ್ನೆ ರಾತ್ರಿಯಿಂದ ಈಗಿನವರೆಗೆ ಏನಾದರೂ ಔಷಧ ಕೊಟ್ಟಿದ್ದೀರಾ? ಎಷ್ಟು ಗಂಟೆಗೆ?”

ಈ ಪ್ರಶ್ನೆ ಅನುಮಾನದಿಂದ ಕೇಳುವಂಥದ್ದಲ್ಲ. ಪ್ಯಾರಸಿಟಮಾಲ್ ಕುಡಿಸಿದರೆ ಜ್ವರ ನಾಲ್ಕರಿಂದ ಆರು ಗಂಟೆ ತಗ್ಗಿರುತ್ತದೆ. ಬೆಳಗ್ಗೆ ಏಳಕ್ಕೆ ಔಷಧ ಕುಡಿದು ಬಂದ ಮಗು ಒಂಬತ್ತಕ್ಕೆ ನಗುನಗುತ್ತಾ ಆಡುತ್ತದೆ, ಹನ್ನೊಂದೂವರೆಗೆ ಮೈ ಕೆಂಡವಾಗುತ್ತದೆ. ಕೆಲಸಕ್ಕೆ ರಜೆ ಸಿಗದ ಪಾಲಕರ ಕಷ್ಟ ನಿಜವಾದದ್ದು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಬೆಳಗಿನ ಡೋಸ್ ಮುಚ್ಚಿಟ್ಟರೆ ನೀವು ಗೊತ್ತಿಲ್ಲದೆ ಎರಡನೇ ಡೋಸ್ ಬೇಗ ಕೊಡುವ ಅಪಾಯವಿದೆ. ಇದನ್ನು ಪಾಲಕರಿಗೆ ಹೀಗೆಯೇ ಬಿಡಿಸಿ ಹೇಳಿದರೆ ಬಹಳಷ್ಟು ಜನ ಮುಚ್ಚಿಡುವುದಿಲ್ಲ.

ಬರೀ ಮೂಗು ಸೋರುವುದು, ಸಣ್ಣ ಕೆಮ್ಮು ಇದ್ದು ಮಗು ಆಡುತ್ತಾ ಉಣ್ಣುತ್ತಾ ಇದ್ದರೆ ಸೇರಿಸಿಕೊಳ್ಳಬಹುದು. ಚಿಕ್ಕ ಮಕ್ಕಳಿಗೆ ವರ್ಷಕ್ಕೆ ಆರೆಂಟು ಬಾರಿ ನೆಗಡಿಯಾಗುವುದು ಸಹಜ. ಪ್ರತಿ ಸಲವೂ ಮನೆಗೆ ಕಳುಹಿಸುತ್ತಾ ಹೋದರೆ ಕೇಂದ್ರ ನಡೆಯುವುದೂ ಇಲ್ಲ, ಸೋಂಕು ನಿಲ್ಲುವುದೂ ಇಲ್ಲ. ಸಿಂಬಳ ಹಳದಿ ಅಥವಾ ಹಸಿರಾದ ಮಾತ್ರಕ್ಕೆ ಆ್ಯಂಟಿಬಯಾಟಿಕ್ ಬೇಕೆಂದೇನೂ ಇಲ್ಲ.

3. ಅನುಮಾನ ಬಂದರೆ ಅಳೆಯಿರಿ, ಎಣಿಸಿ

ಹಣೆ ಮುಟ್ಟಿ “ಬಿಸಿ ಇದೆ” ಎಂದರೆ ಸಾಲದು. ಥರ್ಮಾಮೀಟರ್ ಇಡಿ. ಚಿಕ್ಕ ಮಕ್ಕಳಲ್ಲಿ ಕಂಕುಳೇ ಸುಲಭದ ಜಾಗ. ಬೆವರು ಒರೆಸಿ, ತುದಿ ಚರ್ಮಕ್ಕೆ ತಾಗುವಂತೆ ಇಟ್ಟು, ತೋಳನ್ನು ಮೈಗೆ ಒತ್ತಿ ಹಿಡಿದು, ಬೀಪ್ ಬರುವವರೆಗೆ ಕಾಯಿರಿ. 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಹೆಚ್ಚಿದ್ದರೆ ಜ್ವರ ಎಂದು ಲೆಕ್ಕ. ಆಗಷ್ಟೇ ಓಡಿ ಬಂದ, ದಪ್ಪ ಬಟ್ಟೆ ತೊಟ್ಟ ಮಗುವಾದರೆ ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ.

ಅಂಕಿಗಿಂತ ಮಗುವಿನ ನಡವಳಿಕೆ ಹೆಚ್ಚು ಹೇಳುತ್ತದೆ. 39 ಡಿಗ್ರಿ ಇದ್ದೂ ನೀರು ಕುಡಿಯುತ್ತಾ ನಿಮ್ಮ ಮಾತಿಗೆ ಕಣ್ಣರಳಿಸುವ ಮಗುವಿಗಿಂತ, 38 ಇದ್ದು ಕಣ್ಣು ಬಿಡಲೂ ಬೇಸರಪಡುವ ಮಗುವಿನ ಬಗ್ಗೆ ಹೆಚ್ಚು ಆತಂಕಪಡಬೇಕು.

ಕೆಮ್ಮು ಜ್ವರ ಇರುವ ಮಗುವಿನ ಉಸಿರನ್ನು ಎಣಿಸುವುದನ್ನು ಪ್ರತಿಯೊಬ್ಬ ಸಿಬ್ಬಂದಿಯೂ ಕಲಿಯಲೇಬೇಕು. ಮಗು ಶಾಂತವಾಗಿರುವಾಗ, ಸಾಧ್ಯವಾದರೆ ಮಡಿಲಲ್ಲೇ, ಅಂಗಿಯನ್ನು ಎದೆಯವರೆಗೆ ಮೇಲೆತ್ತಿ. ಹೊಟ್ಟೆ ಒಮ್ಮೆ ಉಬ್ಬಿ ಇಳಿದರೆ ಒಂದು ಉಸಿರು. ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಎಣಿಸಿ. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಚಿಕ್ಕ ಮಕ್ಕಳ ಉಸಿರು ಒಂದೇ ಸಮನಾಗಿರುವುದಿಲ್ಲ. ಅಳುತ್ತಿದ್ದರೆ ಅಥವಾ ಹಾಲು ಕುಡಿಯುತ್ತಿದ್ದರೆ ಆ ಎಣಿಕೆ ಲೆಕ್ಕಕ್ಕೆ ಬಾರದು. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಂತೆ ಎರಡು ತಿಂಗಳೊಳಗಿನ ಶಿಶುವಿಗೆ ನಿಮಿಷಕ್ಕೆ 60, ಎರಡು ತಿಂಗಳಿಂದ ಒಂದು ವರ್ಷದೊಳಗೆ 50, ಒಂದರಿಂದ ಐದು ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅದು ವೇಗದ ಉಸಿರು. ಅಂಥ ಮಗುವನ್ನು ಅದೇ ದಿನ ವೈದ್ಯರು ನೋಡಬೇಕು.

ವಾಂತಿ ಭೇದಿ ಇದ್ದರೆ ನಿರ್ಜಲೀಕರಣದ, ಅಂದರೆ ಮೈಯಲ್ಲಿ ನೀರು ಲವಣ ಕಡಿಮೆಯಾಗುವುದರ, ಗುರುತು ಹುಡುಕಿ: ಒಣಗಿದ ಬಾಯಿ, ಕಣ್ಣೀರಿಲ್ಲದ ಅಳು, ಗುಳಿಬಿದ್ದ ಕಣ್ಣು, ಆರೇಳು ಗಂಟೆಯಾದರೂ ಒದ್ದೆಯಾಗದ ಡೈಪರ್. ಡೈಪರ್ ಬದಲಿಸಿದ ಸಮಯ ಬರೆದಿಡುವ ಅಭ್ಯಾಸ ಇಂಥ ಹೊತ್ತಿನಲ್ಲೇ ಕೈ ಹಿಡಿಯುವುದು.

4. ಈ ಲಕ್ಷಣಗಳಿದ್ದರೆ ಮೊದಲು ಆಂಬುಲೆನ್ಸ್, ಆಮೇಲೆ ಪಾಲಕರು

ಈ ಕ್ರಮ ತಿರುಗಮುರುಗ ಆಗಬಾರದು. ಪಾಲಕರ ಒಪ್ಪಿಗೆಗೆ ಕಾಯುತ್ತಾ ಹತ್ತು ನಿಮಿಷ ಕಳೆಯುವುದು ಅತ್ಯಂತ ದುಬಾರಿ ತಪ್ಪು. ಒಬ್ಬರು ಆಂಬುಲೆನ್ಸ್‌ಗೆ ಕರೆ ಮಾಡಲಿ, ಇನ್ನೊಬ್ಬರು ಮಗುವಿನ ಬಳಿಯಿಂದ ಕದಲದಿರಲಿ.

- ಉಸಿರಾಡಲು ಒದ್ದಾಟ: ಪಕ್ಕೆಲುಬಿನ ಕೆಳಗೆ ಎದೆ ಒಳಕ್ಕೆ ಸೆಳೆಯುವುದು, ಪ್ರತಿ ಉಸಿರಿಗೂ ನರಳುವುದು, ತುಟಿ ಅಥವಾ ನಾಲಿಗೆ ನೀಲಿಯಾಗುವುದು.
- ಎಬ್ಬಿಸಿದರೂ ಏಳದಿರುವುದು, ಮೈ ಬಟ್ಟೆಯಂತೆ ಜೋತು ಬೀಳುವುದು.
- ಒತ್ತಿದರೆ ಮಾಯವಾಗದ ಕೆಂಪು ಅಥವಾ ನೇರಳೆ ಚುಕ್ಕೆ. ಪಾರದರ್ಶಕ ಗಾಜಿನ ಲೋಟದ ಬದಿಯನ್ನು ಚುಕ್ಕೆಯ ಮೇಲೆ ಒತ್ತಿ ನೋಡಿ. ಕಪ್ಪು ಮೈಬಣ್ಣದ ಮಕ್ಕಳಲ್ಲಿ ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಯ ಒಳಭಾಗ ನೋಡಬೇಕು. ಜ್ವರದ ಜೊತೆ ಇಂಥ ಚುಕ್ಕೆ ಬಂದರೆ ಮೆದುಳು ಪೊರೆಯ ಉರಿಯೂತ ಅಥವಾ ರಕ್ತದ ಸೋಂಕು ಇರಬಹುದು.
- ತಿಂದ ಅಥವಾ ಔಷಧ ಕುಡಿದ ಕೆಲವೇ ನಿಮಿಷಗಳಲ್ಲಿ ಮುಖ ತುಟಿ ಊದುವುದು, ಧ್ವನಿ ಗೊಗ್ಗರಾಗುವುದು, ಉಸಿರು ಕಟ್ಟುವುದು. ಮಗುವಿಗೆ ಬರೆದುಕೊಟ್ಟ ಅಡ್ರಿನಾಲಿನ್ ಪೆನ್, ಅಂದರೆ ತೀವ್ರ ಅಲರ್ಜಿಗೆ ಕೊಡುವ ಪೆನ್ನಿನಾಕಾರದ ಚುಚ್ಚುಮದ್ದು, ಇದ್ದರೆ ತೊಡೆಯ ಹೊರಭಾಗಕ್ಕೆ ತಕ್ಷಣ ಚುಚ್ಚಿ.
- ಫಿಟ್ಸ್ ಐದು ನಿಮಿಷ ದಾಟುವುದು, ನಿಂತು ಮತ್ತೆ ಬರುವುದು ಅಥವಾ ಮೊದಲ ಬಾರಿಗೆ ಬರುವುದು.

ಮೂರು ತಿಂಗಳೊಳಗಿನ ಶಿಶುವಿಗೆ 38 ಡಿಗ್ರಿ ಬಂದರೆ, ಬೇರೇನೂ ಲಕ್ಷಣವಿಲ್ಲದಿದ್ದರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು.

ಫಿಟ್ಸ್ ಬಗ್ಗೆ ಇನ್ನೆರಡು ಮಾತು. ಆರು ತಿಂಗಳಿಂದ ಐದು ವರ್ಷದ ಮಕ್ಕಳಲ್ಲಿ ಜ್ವರ ಏರಿದಾಗ ಸೆಳವು ಬರುವುದುಂಟು. ನೋಡುವವರ ಎದೆ ಒಡೆಯುತ್ತದೆ, ಆದರೆ ಬಹುಪಾಲು ಕೆಲವೇ ನಿಮಿಷಗಳಲ್ಲಿ ತಾನಾಗಿ ನಿಲ್ಲುತ್ತದೆ. ಮಗುವನ್ನು ನೆಲದ ಮೇಲೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ಸುತ್ತಲಿನ ಗಟ್ಟಿ ವಸ್ತು ಸರಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು, ಔಷಧ ಯಾವುದನ್ನೂ ಹಾಕಬೇಡಿ. ಕೈಕಾಲು ಒತ್ತಿ ಹಿಡಿಯಬೇಡಿ.

5. ಪಾಲಕರು ಬರುವವರೆಗಿನ ಹೊತ್ತು

ಬಹಳ ಕಡೆ ಸೊರಗುವುದು ಈ ಹಂತವೇ. ಫೋನ್ ಮಾಡಿದ್ದಾಯಿತು, ದಾಖಲೆ ಬರೆದದ್ದಾಯಿತು, ಇನ್ನು ಕಾಯುವುದಷ್ಟೇ ಎಂದು ಮಗುವನ್ನು ಕಚೇರಿ ಕೋಣೆಯ ಮೂಲೆಯಲ್ಲಿ ಮಲಗಿಸಿ ಬಿಡುತ್ತಾರೆ. ಎರಡು ವರ್ಷದ ಮಗುವಿಗೆ “ಸೋಂಕು ಹರಡದಿರಲಿ ಎಂದು ಪ್ರತ್ಯೇಕಿಸಿದ್ದಾರೆ” ಎಂದು ತಿಳಿಯುವುದಿಲ್ಲ. ಮೈ ನೋಯುತ್ತಿರುವಾಗಲೇ ಗೆಳೆಯರಿಂದ, ಆಟಿಕೆಗಳಿಂದ ದೂರ ಮಾಡಿದ್ದನ್ನು ಅದು ಶಿಕ್ಷೆ ಎಂದೇ ಅಂದುಕೊಳ್ಳುತ್ತದೆ.

ಉಳಿದ ಮಕ್ಕಳಿಂದ ಸ್ವಲ್ಪ ದೂರ ಇರಲಿ, ಆದರೆ ಯಾರೂ ಇಲ್ಲದ ಕೋಣೆ ಬೇಡ. ಕೆಮ್ಮುವ ಮಗುವಾದರೆ ಗಾಳಿಯಾಡುವ ಕಿಟಕಿಯ ಬಳಿ, ಎರಡು ಮೀಟರ್ ಅಂತರದಲ್ಲಿ ಒಂದು ಹಾಸಿಗೆ ಸಾಕು. ಅದಕ್ಕೆ ಹೆಚ್ಚು ಒಗ್ಗಿಕೊಂಡಿರುವ ಒಬ್ಬರೇ ಜೊತೆಯಲ್ಲಿರಲಿ. ಗಳಿಗೆಗೊಬ್ಬರು ಬಂದು ಹಣೆ ಮುಟ್ಟಿ ಹೋಗುವುದರಿಂದ ಮಗುವಿಗೆ ಕಿರಿಕಿರಿಯೇ ಹೊರತು ನೆಮ್ಮದಿಯಿಲ್ಲ. ಮನೆಯಿಂದ ತಂದ ಹೊದಿಕೆಯನ್ನೋ ಬೊಂಬೆಯನ್ನೋ ಕೈಗೆ ಕೊಡಿ. ಮುಂದೆ ಆಗುವುದನ್ನು ಸರಳವಾಗಿ ಹೇಳಿ: “ನಿನಗೆ ಹುಷಾರಿಲ್ಲ. ಅಮ್ಮನಿಗೆ ಫೋನ್ ಮಾಡಿದ್ದೇವೆ, ಬರುತ್ತಿದ್ದಾರೆ. ಅಲ್ಲಿಯವರೆಗೂ ನಾನು ನಿನ್ನ ಹತ್ತಿರವೇ ಇರುತ್ತೇನೆ.” ಅಷ್ಟು ಹೇಳಿ ಎದ್ದು ಹೋಗಬೇಡಿ. ಅಮ್ಮ ಈಗ ಬಂದೇಬಿಟ್ಟರು ಎಂಬ ಸುಳ್ಳೂ ಬೇಡ. ಬಾಗಿಲ ಸದ್ದಾದಾಗಲೆಲ್ಲ ಮಗು ತಲೆಯೆತ್ತಿ ನೋಡಿ ಮತ್ತೆ ಅಳುತ್ತದೆ.

ಜ್ವರವಿದ್ದರೆ ತೆಳು ಬಟ್ಟೆ ಹಾಕಿ, ಆಗಾಗ ನೀರು ಕುಡಿಸಿ. ತಣ್ಣೀರು ಅಥವಾ ಐಸ್ ನೀರಿನಲ್ಲಿ ಮೈ ಒರೆಸಬೇಡಿ. ಮೈ ನಡುಗಿ ಒಳಗಿನ ಶಾಖ ಇನ್ನೂ ಏರಬಹುದು. ಚಳಿಯೆಂದು ಮೂರು ಹೊದಿಕೆ ಸುತ್ತುವುದೂ ತಪ್ಪೇ.

ವಾಂತಿ ಮಾಡುವ ಮಗುವನ್ನು ಕೂರಿಸಿ, ಮುಂದಕ್ಕೆ ಬಾಗಿಸಿ, ಹಣೆಗೆ ಒಂದು ಕೈ ಆಸರೆ ಕೊಡಿ. ಮುಗಿದ ಮೇಲೆ ಬಾಯಿ ಒರೆಸಿ, ಬಟ್ಟೆ ಬದಲಿಸಿ. ಮುಖ ಸಿಂಡರಿಸಬೇಡಿ, ಮಕ್ಕಳು ಅದನ್ನು ಗಮನಿಸಿಯೇ ಗಮನಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಓಆರ್‌ಎಸ್ ಶುರು ಮಾಡಿ, ಎರಡು ಮೂರು ನಿಮಿಷಕ್ಕೆ ಒಂದು ಚಮಚದಂತೆ. ಬಾಯಾರಿದ ಮಗು ಲೋಟ ಕಿತ್ತುಕೊಳ್ಳಲು ನೋಡುತ್ತದೆ. ಒಮ್ಮೆಲೇ ಕುಡಿಸಿದರೆ ಮತ್ತೆ ವಾಂತಿ. ಓಆರ್‌ಎಸ್ ಅಂದರೆ ಉಪ್ಪು ಮತ್ತು ಗ್ಲೂಕೋಸ್ ಹದವಾಗಿ ಬೆರೆತ ಪುಡಿ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪೊಟ್ಟಣ ಹಾಕಬೇಕು. ಅರ್ಧ ಪುಡಿ ಅಂದಾಜಿಗೆ ಬೆರೆಸಿದರೆ ಹದ ಕೆಡುತ್ತದೆ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲಿ. ಎದೆಹಾಲು ಕುಡಿಯುವ ಶಿಶುವಿಗೆ ಅದನ್ನು ನಿಲ್ಲಿಸುವ ಅಗತ್ಯವಿಲ್ಲ.

ಕಾಲು ಗಂಟೆಗೊಮ್ಮೆ ಉಸಿರು, ಬಣ್ಣ, ಎಚ್ಚರ ನೋಡಿ ಬರೆಯಿರಿ. ನಿದ್ದೆ ಹೋಗಿದೆ ಎಂದು ನೆಮ್ಮದಿಯಾಗಿ ಬಿಡಬೇಡಿ.

6. ಪಾಲಕರಿಗೆ ಕರೆ ಮಾಡುವುದು ಹೇಗೆ

ಮೊದಲ ವಾಕ್ಯದಲ್ಲೇ ಮಗು ಹೇಗಿದೆ ಎಂದು ಹೇಳಿ: “ಮಗು ಎಚ್ಚರವಾಗಿದೆ, ನನ್ನ ಮಡಿಲಲ್ಲೇ ಇದೆ. ಹನ್ನೊಂದೂವರೆಗೆ ಜ್ವರ 38.6 ಇತ್ತು. ಎರಡು ಸಲ ವಾಂತಿಯಾಗಿದೆ. ನೀವು ಬರಬೇಕು.” ನೋಡಿದ್ದನ್ನು ಹೇಳಿ, ಕಾಯಿಲೆಯ ಹೆಸರು ಹೇಳಬೇಡಿ. “ಡೆಂಗ್ಯೂ ಇರಬಹುದು” ಎಂಬ ಊಹೆಯಿಂದ ದಾರಿಯುದ್ದಕ್ಕೂ ಅವರ ಜೀವ ಹಾರಿರುತ್ತದೆ. “ಇಂಥ ಮಗುವನ್ನು ಯಾಕೆ ಕಳುಹಿಸಿದಿರಿ” ಎಂಬ ಆಕ್ಷೇಪಣೆಗೆ ಇದು ಸಮಯವಲ್ಲ. ಅಗತ್ಯವಿದ್ದರೆ ಮಗು ಗುಣವಾದ ಮೇಲೆ, ಎದುರು ಕುಳಿತು ಮಾತನಾಡಿ.

ಒಬ್ಬರು ಸಿಗದಿದ್ದರೆ ಐದು ನಿಮಿಷ ಬಿಟ್ಟು ಮತ್ತೊಮ್ಮೆ, ನಂತರ ಪಟ್ಟಿಯಲ್ಲಿರುವ ಮುಂದಿನವರಿಗೆ. ಕರೆ ಮಾಡಿದ ಸಮಯವನ್ನೆಲ್ಲ ಬರೆದಿಡಿ.

7. ಔಷಧ: ಅತಿ ಎಚ್ಚರಿಕೆಯ ಕೆಲಸ

ಲಿಖಿತ ಒಪ್ಪಿಗೆ ಇಲ್ಲದೆ ಯಾವ ಔಷಧವನ್ನೂ ಕೊಡಬೇಡಿ. ಔಷಧ ಅದರದೇ ಬಾಟಲಿಯಲ್ಲಿ, ಮಗುವಿನ ಹೆಸರು, ಪ್ರಮಾಣ, ಅವಧಿ ಮುಗಿಯುವ ದಿನಾಂಕ ಕಾಣುವಂತೆ ಇರಬೇಕು. ಹಾಲಿನ ಬಾಟಲಿಗೆ ಬೆರೆಸಿ ತಂದದ್ದನ್ನು, ಅಣ್ಣನಿಗೋ ಅಕ್ಕನಿಗೋ ಬರೆದುಕೊಟ್ಟ ಔಷಧವನ್ನು ಸ್ವೀಕರಿಸಬೇಡಿ. ಹೊಸ ಆ್ಯಂಟಿಬಯಾಟಿಕ್‌ನ ಮೊದಲ ಡೋಸ್ ಮನೆಯಲ್ಲೇ ಆಗಿರಲಿ. ಅಲರ್ಜಿ ಆದರೆ ಅಲ್ಲಿಯೇ ತಿಳಿಯುತ್ತದೆ.

ಅತಿ ದೊಡ್ಡ ಅಪಾಯ ಡ್ರಾಪ್ಸ್ ಮತ್ತು ಸಿರಪ್ ಅದಲುಬದಲಾಗುವುದು. ಪ್ಯಾರಸಿಟಮಾಲ್ ಡ್ರಾಪ್ಸ್‌ನ 1 ಮಿಲಿಯಲ್ಲಿ 100 ಮಿಲಿಗ್ರಾಂ ಔಷಧ ಇರಬಹುದು, ಸಿರಪ್‌ನ 5 ಮಿಲಿಯಲ್ಲಿ 120 ಮಿಲಿಗ್ರಾಂ. ಸಿರಪ್ ಎಂದುಕೊಂಡು ಡ್ರಾಪ್ಸ್ 5 ಮಿಲಿ ಕುಡಿಸಿದರೆ 500 ಮಿಲಿಗ್ರಾಂ, ಅಂದರೆ ನಾಲ್ಕು ಪಟ್ಟಿಗಿಂತ ಹೆಚ್ಚು ಔಷಧ ಹೊಟ್ಟೆಗೆ ಹೋಗುತ್ತದೆ. ಆದ್ದರಿಂದ ಕುಡಿಸುವ ಮೊದಲು ಇಬ್ಬರು ದೊಡ್ಡವರು ಲೇಬಲ್ ಗಟ್ಟಿಯಾಗಿ ಓದಿಕೊಳ್ಳಿ: ಯಾವ ಮಗು, ಯಾವ ಔಷಧ, 1 ಮಿಲಿಗೆ ಎಷ್ಟು, ಎಷ್ಟು ಮಿಲಿ, ಹಿಂದಿನ ಡೋಸ್ ಯಾವಾಗ. ಪ್ಯಾರಸಿಟಮಾಲ್ ಡೋಸ್‌ಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಅಂತರ, 24 ಗಂಟೆಯಲ್ಲಿ ನಾಲ್ಕಕ್ಕಿಂತ ಹೆಚ್ಚು ಡೋಸ್ ಇಲ್ಲ. ಅಡುಗೆಮನೆಯ ಚಮಚ ಅಳತೆಗೆ ಬಾರದು. ಸಿರಿಂಜಿನ ತುದಿಯನ್ನು ಕೆನ್ನೆಯ ಒಳಬದಿಗೆ ಇಟ್ಟು ಸ್ವಲ್ಪ ಸ್ವಲ್ಪವೇ ಬಿಡಿ, ಗಂಟಲಿಗೆ ನೇರವಾಗಿ ಚಿಮ್ಮಿಸಿದರೆ ಉಸಿರುಗಟ್ಟುತ್ತದೆ. ಕೊಟ್ಟ ಮರುಕ್ಷಣವೇ ದಾಖಲಿಸಿ, ಇಬ್ಬರೂ ಸಹಿ ಹಾಕಿ.

ವೈದ್ಯರು ಹೇಳದ ಹೊರತು ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಯಕೃತ್ತು ಮತ್ತು ಮೆದುಳಿಗೆ ಗಂಭೀರ ಹಾನಿ ಮಾಡುವ ರೇ ಸಿಂಡ್ರೋಮ್ ಬರುವ ಸಂಭವವಿದೆ. ಕೆಮ್ಮಿಗೆಂದು ಒಂದು ವರ್ಷದೊಳಗಿನ ಶಿಶುವಿಗೆ ಜೇನುತುಪ್ಪ ನೆಕ್ಕಿಸುವುದೂ ಅಪಾಯ.

8. ಉಳಿದ ಮಕ್ಕಳನ್ನು ಕಾಪಾಡುವುದು

ಸೋಪು ನೀರಿನಲ್ಲಿ 20 ಸೆಕೆಂಡು ಕೈ ತೊಳೆಯುವುದಕ್ಕೆ ಸಮನಾದದ್ದು ಇನ್ನೊಂದಿಲ್ಲ. ವಾಂತಿ ಭೇದಿ ತರುವ ನೊರೊವೈರಸ್‌ಗೆ ಆಲ್ಕೊಹಾಲ್ ಸ್ಯಾನಿಟೈಸರ್ ಅಷ್ಟಾಗಿ ನಾಟುವುದಿಲ್ಲ.

ವಾಂತಿ ಬಿದ್ದ ಜಾಗದಿಂದ ಮಕ್ಕಳನ್ನು ಬೇರೆಡೆಗೆ ಕರೆದೊಯ್ಯಿರಿ. ಕೈಗವಸು ತೊಟ್ಟು ಕಾಗದದಿಂದ ಬಳಿದು ತೆಗೆದು, ಸೋಪಿನಿಂದ ತೊಳೆದು, ಕೊನೆಗೆ ಬ್ಲೀಚ್ ದ್ರಾವಣ ಸವರಿ. ಶೇ. 5ರ ಬ್ಲೀಚ್ ದ್ರವವಾದರೆ ಒಂದು ಲೀಟರ್ ನೀರಿಗೆ 20 ಮಿಲಿ, ದಿನವೂ ಹೊಸದಾಗಿ ಕಲಸಿ. ಶೌಚಾಲಯದ ಆ್ಯಸಿಡ್ ಜೊತೆ ಬ್ಲೀಚ್ ಬೆರೆಸಿದರೆ ವಿಷಾನಿಲ ಏಳುತ್ತದೆ. ಮಗು ಬಾಯಿಗಿಟ್ಟ ಆಟಿಕೆಗಳನ್ನೂ ಅಂದೇ ತೊಳೆಯಿರಿ. ಮಲ ಅಂಟಿದ ಬಟ್ಟೆಯನ್ನು ಕೇಂದ್ರದ ಸಿಂಕಿನಲ್ಲಿ ಜಾಲಿಸದೆ ಚೀಲದಲ್ಲಿ ಕಟ್ಟಿ ಮನೆಗೆ ಕಳುಹಿಸಿ.

ಉಳಿದ ಪಾಲಕರಿಗೆ “ನಮ್ಮಲ್ಲಿ ಒಂದು ಮಗುವಿಗೆ ಚಿಕನ್‌ಪಾಕ್ಸ್ ಆಗಿದೆ, ಮೂರು ವಾರ ಗುಳ್ಳೆಗಳ ಮೇಲೆ ಕಣ್ಣಿಡಿ” ಎಂದು ತಿಳಿಸಿ. ಮಗುವಿನ ಹೆಸರು ಹೇಳಬಾರದು. ಸಿಬ್ಬಂದಿಯಲ್ಲಿ ಗರ್ಭಿಣಿಯರಿದ್ದರೆ ಚಿಕನ್‌ಪಾಕ್ಸ್, ದಡಾರ, ರುಬೆಲ್ಲಾ ಸುದ್ದಿ ಅವರಿಗೆ ಅಂದೇ ಮುಟ್ಟಲಿ, ಅವರು ತಮ್ಮ ವೈದ್ಯರನ್ನು ಕೇಳಬೇಕು.

9. ಮರಳಿ ಬರುವುದು ಯಾವಾಗ

- ಜ್ವರ: ಔಷಧವಿಲ್ಲದೆ 24 ಗಂಟೆ ಜ್ವರವಿಲ್ಲದಿದ್ದ ಮೇಲೆ.
- ವಾಂತಿ, ಭೇದಿ: ಕೊನೆಯ ಸಲ ಆದ ಮೇಲೆ 48 ಗಂಟೆ ಕಳೆದು.
- ಚಿಕನ್‌ಪಾಕ್ಸ್: ಎಲ್ಲ ಗುಳ್ಳೆಗಳೂ ಒಣಗಿ ಹೆಕ್ಕಳೆ ಕಟ್ಟಿದ ಮೇಲೆ, ಸಾಮಾನ್ಯವಾಗಿ ಐದಾರು ದಿನ.
- ದಡಾರ: ಮೈಮೇಲೆ ಕೆಂಪು ಎದ್ದ ದಿನದಿಂದ ನಾಲ್ಕು ದಿನ ಕಳೆದು.
- ಮಂಗನಬಾವು: ಊತ ಶುರುವಾಗಿ ಐದು ದಿನ ಕಳೆದು.
- ಕೈ ಕಾಲು ಬಾಯಿ ರೋಗ: ಜ್ವರ ಇಳಿದು, ಉಣ್ಣುವಂತಾಗಿ, ಗೆಲುವಾದ ಮೇಲೆ. ವೈರಸ್ ಮಲದಲ್ಲಿ ಹಲವು ವಾರ ಉಳಿಯುವುದರಿಂದ ಡೈಪರ್ ಬದಲಿಸಿದ ಮೇಲೆ ಕೈ ತೊಳೆಯುವುದನ್ನು ಬಿಗಿಮಾಡಿ.
- ಹೇನು: ಮನೆಗೆ ಕಳುಹಿಸುವ ಅಗತ್ಯವೇ ಇಲ್ಲ.

ಪ್ರತಿ ನೆಗಡಿಗೂ ವೈದ್ಯರ ಪ್ರಮಾಣಪತ್ರ ಕೇಳುವ ಪದ್ಧತಿ ಕೆಲವೆಡೆ ಇದೆ. ಇದರಿಂದ ಪಾಲಕರಿಗೆ ಅಲೆದಾಟ ಹೆಚ್ಚೇ ಹೊರತು ಮಕ್ಕಳಿಗೆ ಲಾಭವಿಲ್ಲ ಎಂಬುದು ನನ್ನ ಅಭಿಪ್ರಾಯ. ದಿನಗಳ ಲೆಕ್ಕ ಮುಗಿದರೂ ಮಗು ಹೊರಗೆ ಆಡಲಾರದಷ್ಟು ಸೋತಿದ್ದರೆ ಇನ್ನೊಂದು ದಿನ ಮನೆಯಲ್ಲಿರಲಿ. ಬಂದ ಮೊದಲ ದಿನ ಹೆಚ್ಚು ನಿದ್ದೆ, ಕಡಿಮೆ ಊಟ, ಸಣ್ಣದಕ್ಕೂ ಅಳು ಇರುತ್ತದೆ. ಚಡ್ಡಿ ಒದ್ದೆ ಮಾಡಿಕೊಳ್ಳುವುದು ನಿಂತಿದ್ದ ಮಗು ಮತ್ತೆ ಮಾಡಿಕೊಳ್ಳಬಹುದು. ಗದರಬೇಡಿ.

10. ದೀರ್ಘಕಾಲದ ಕಾಯಿಲೆ ಇರುವ ಮಗು

ಆಸ್ತಮಾ, ಮೂರ್ಛೆ ರೋಗ, ಟೈಪ್ 1 ಮಧುಮೇಹ, ತೀವ್ರ ಅಲರ್ಜಿ ಇರುವ ಮಕ್ಕಳನ್ನು “ನಮಗೆ ಆಗುವುದಿಲ್ಲ” ಎಂದು ಹಿಂದಕ್ಕೆ ಕಳುಹಿಸುವುದನ್ನು ಕಂಡರೆ ನನಗೆ ನೋವಾಗುತ್ತದೆ. ಇವರಲ್ಲಿ ಬಹಳಷ್ಟು ಮಕ್ಕಳಿಗೆ ಬೇಕಿರುವುದು ಒಂದು ಹಾಳೆಯ ಯೋಜನೆ ಮತ್ತು ಅದನ್ನು ಓದಿ ಅಭ್ಯಾಸ ಮಾಡಿದ ಇಬ್ಬರು ದೊಡ್ಡವರು. ಪಾಲಕರು ಮತ್ತು ವೈದ್ಯರ ಜೊತೆ ಕುಳಿತು ಬರೆಸಿಕೊಳ್ಳಿ: ಮಗುವಿನ ಕಾಯಿಲೆಯನ್ನು ಏನು ಕೆರಳಿಸುತ್ತದೆ, ಶುರುವಿನ ಲಕ್ಷಣ ಹೇಗಿರುತ್ತದೆ, ಮೊದಲು ಏನು ಕೊಡಬೇಕು, ಎಷ್ಟು ಹೊತ್ತು ಕಾದು ಆಂಬುಲೆನ್ಸ್ ಕರೆಯಬೇಕು. ಮಧುಮೇಹದ ಮಗು ಇದ್ದಕ್ಕಿದ್ದಂತೆ ಬೆವರಿ, ಬಿಳಿಚಿ, ಹಟ ಹಿಡಿದರೆ ಅದು ರಕ್ತದ ಸಕ್ಕರೆ ಇಳಿದ ಗುರುತಿರಬಹುದು. ಅದನ್ನು ತುಂಟತನ ಎಂದುಕೊಂಡು ಒಂಟಿಯಾಗಿ ಕೂರಿಸಿದರೆ ಅನಾಹುತ.

ಇನ್‌ಹೇಲರನ್ನು ಚಿಕ್ಕ ಮಕ್ಕಳಿಗೆ ಸ್ಪೇಸರ್ ಮತ್ತು ಮಾಸ್ಕ್ ಜೊತೆ ಕೊಡಬೇಕು. ಸ್ಪೇಸರ್ ಎಂದರೆ ಔಷಧದ ಮಂಜನ್ನು ಹಿಡಿದಿಟ್ಟು ಮಗು ನಿಧಾನವಾಗಿ ಸೇದಲು ಅನುವಾಗುವ ಪ್ಲಾಸ್ಟಿಕ್ ಕೊಳವೆ. ಇನ್‌ಹೇಲರ್, ಅಡ್ರಿನಾಲಿನ್ ಪೆನ್‌ಗಳು ಮಕ್ಕಳಿಗೆ ಎಟುಕಬಾರದು, ದೊಡ್ಡವರಿಗೆ ತಕ್ಷಣ ಸಿಗಬೇಕು. ಬೀಗ ಹಾಕಿದ ಬೀರುವಿನಲ್ಲಿಟ್ಟು ಕೀಲಿಯನ್ನು ಒಬ್ಬರೇ ಮನೆಗೆ ಒಯ್ಯುವಂತಾಗಬಾರದು. ಮಕ್ಕಳು ಅಂಗಳಕ್ಕೆ ಹೋದರೂ ವಿಹಾರಕ್ಕೆ ಹೋದರೂ ಅವು ಜೊತೆಯಲ್ಲೇ ಹೋಗಬೇಕು. ತಿಂಗಳ ಮೊದಲ ದಿನ ಅವುಗಳ ಅವಧಿ ನೋಡುವ ಕೆಲಸವನ್ನು ಹೆಸರು ಹಿಡಿದು ಒಬ್ಬರಿಗೆ ಒಪ್ಪಿಸಿ, ಅವರು ರಜೆಯಲ್ಲಿದ್ದರೆ ಯಾರು ನೋಡಬೇಕು ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ.